ಡಾಕ್ಟರ್ ಥಾಮಸ್ ಫ್ರಾನ್ಸಿಸ್

ದಂಡಿಗೆ ಹೊಸದಾಗಿ ಸೇರಿದ ತರುಣರಿಗೆ ಶತ್ರುವಿನ ಗುಂಡಿಗಿಂತ ಮೊದಲು ಎದುರಾಗುವುದು ಪಾಳೆಯದ ಕೆಮ್ಮು ಜ್ವರಗಳು. ನಾನಾ ಊರುಗಳಿಂದ ಬಂದವರನ್ನು ಒಂದೇ ಸೂರಿನ ಕೆಳಗೆ ಹಾಸಿಗೆಗೆ ಹಾಸಿಗೆ ತಾಕುವಂತೆ ಮಲಗಿಸಿದಲ್ಲಿ, ಒಬ್ಬನ ಉಸಿರು ನೂರು ಮಂದಿಗೆ ರೋಗವಾಗುವುದರಲ್ಲಿ ಆಶ್ಚರ್ಯವೇನು? 1918ರಲ್ಲಿ ಇನ್‌ಫ್ಲೂಯೆಂಜಾ ಮತ್ತು ಅದರ ಬೆನ್ನಿಗೆ ಬಂದ ನ್ಯುಮೋನಿಯಾಗಳಿಂದ ಅಮೆರಿಕದ ಸೈನ್ಯವು 40,000ಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. ಅದೇ ಮಾರಿಯು ಅದೇ ವರ್ಷ ನಮ್ಮ ಮೈಸೂರು ಸೀಮೆಯನ್ನೂ ಸೂರೆಗೊಂಡಿತು. ಆಗಲೂ ಲಸಿಕೆ ಚುಚ್ಚದೆ ಇರಲಿಲ್ಲ. ಆದರೆ ರೋಗಮೂಲವಲ್ಲದ ಬೇರೆ ಕ್ರಿಮಿಗಳಿಂದ ಮಾಡಿದ ಆ ಲಸಿಕೆಗಳಲ್ಲಿ ಹಲವು, ಚುಚ್ಚಿಸಿಕೊಳ್ಳದವರೊಡನೆ ಸರಿಯಾಗಿ ಹೋಲಿಸಿ ನೋಡುವ ಮೊದಲೇ ಗುಣಕಾರಿಯೆನ್ನಿಸಿಕೊಂಡುವು.

ಈ ಕುರುಡು ನಂಬಿಕೆಯ ಜಾಗದಲ್ಲಿ ಲೆಕ್ಕವನ್ನು ತಂದು ನಿಲ್ಲಿಸಿದವರಲ್ಲಿ ಫ್ರಾನ್ಸಿಸನು ಪ್ರಮುಖನು. 1900ರಲ್ಲಿ ಇಂಡಿಯಾನಾ ಪ್ರಾಂತದ ಗ್ಯಾಸ್ ಸಿಟಿಯಲ್ಲಿ ಹುಟ್ಟಿದ ಈತನ ತಂದೆ ಉಕ್ಕಿನ ಕಾರ್ಖಾನೆಯ ಕೆಲಸಗಾರ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯವನ್ನೋದಿ, ರಾಕ್‌ಫೆಲರ್ ಸಂಸ್ಥೆಯಲ್ಲಿ ದುಡಿದು, ಇನ್‌ಫ್ಲೂಯೆಂಜಾದ ವೈರಸ್ಸನ್ನು ಅಮೆರಿಕದಲ್ಲಿ ಮೊದಲಿಗನಾಗಿ ಬೇರ್ಪಡಿಸಿದನು. 1940ರಲ್ಲಿ ಅದರ ಎರಡನೆಯ ಬಗೆಯನ್ನೂ ಕಂಡುಹಿಡಿದನು. ಮಹಾಯುದ್ಧವು ಸಮೀಪಿಸಲು, 1941ರಲ್ಲಿ ಸೈನ್ಯದ ಇನ್‌ಫ್ಲೂಯೆಂಜಾ ಸಮಿತಿಗೆ ಈತನೇ ನಾಯಕನಾದನು.

ಕೋಳಿಮೊಟ್ಟೆಯಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು ಲಸಿಕೆಯನ್ನು ಸಿದ್ಧಪಡಿಸಿದ್ದಾಯಿತು. 1943ರ ಚಳಿಗಾಲದ ಮುನ್ನ, ಕಾಲೇಜುಗಳಲ್ಲಿ ಸೈನಿಕ ಶಿಕ್ಷಣ ಪಡೆಯುತ್ತಿದ್ದ ಸುಮಾರು 12,500 ತರುಣರಲ್ಲಿ ಅರ್ಧ ಮಂದಿಗೆ ಲಸಿಕೆಯನ್ನೂ ಉಳಿದರ್ಧಕ್ಕೆ ವೈರಸ್ಸಿಲ್ಲದ ಬರಿಯ ದ್ರವವನ್ನೂ ಚುಚ್ಚಲಾಯಿತು. ಯುದ್ಧಕಾಲದಲ್ಲಿ ಅರ್ಧ ಮಂದಿಯನ್ನು ರಕ್ಷಣೆಯಿಲ್ಲದೆ ಬಿಟ್ಟುದು ನಿಷ್ಕರುಣೆಯಲ್ಲವೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಹಾಗೆ ಕೇಳುವುದು ನ್ಯಾಯವೇ. ಆದರೆ ಲಸಿಕೆಯು ರಕ್ಷಣೆಯೆಂದು ಅಂದು ಯಾರು ಬಲ್ಲವರಾಗಿದ್ದರು? 1918ರಲ್ಲಿ ಎಲ್ಲರೂ ಬಲ್ಲೆವೆಂದುಕೊಂಡಿದ್ದುದರ ಫಲವನ್ನು ಮೇಲೆ ಹೇಳಿದ್ದೇವೆ. ರೋಗವು ಬಂದೇ ಬಂದಿತು. ಬರಿಯ ದ್ರವವನ್ನು ಪಡೆದವರಲ್ಲಿ ನೂರಕ್ಕೆ 7 ಮಂದಿ, ಲಸಿಕೆ ಪಡೆದವರಲ್ಲಿ ನೂರಕ್ಕೆ 2 ಮಂದಿ ಮಲಗಿದರು. ಎರಡು ವರ್ಷಗಳಲ್ಲಿ ಇಡೀ ಸೈನ್ಯಕ್ಕೆ ಲಸಿಕೆಯಾಯಿತು.

ಇಷ್ಟಕ್ಕೇ ನಿಂತಿದ್ದರೆ ಈತನ ಚರಿತ್ರೆಯು ಬರಿಯ ಜಯಘೋಷವಾಗುತ್ತಿತ್ತು. 1947ರಲ್ಲಿ ವೈರಸ್ಸು ವೇಷ ಬದಲಿಸಿ ಬಂದಿತು. ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಲ್ಲಿ ಲಸಿಕೆ ಪಡೆದವರೂ ಪಡೆಯದವರೂ ಹೆಚ್ಚುಕಡಿಮೆ ಸಮನಾಗಿ ಕಾಯಿಲೆ ಬಿದ್ದರು. ತನ್ನದೇ ಲಸಿಕೆಯ ಈ ಸೋಲನ್ನು ಫ್ರಾನ್ಸಿಸನು ಅಂಕಿಗಳ ಸಹಿತ ಅದೇ ವರ್ಷ ಪ್ರಕಟಿಸಿದನು. ನಮ್ಮ ದೃಷ್ಟಿಯಲ್ಲಿ ಆತನ ಬಾಳಿನ ಹಿರಿಯ ಕಾರ್ಯವಿದು. ಹಳೆಯ ತಳಿಯಿಂದ ಹೊಸ ತಳಿಯನ್ನು ತಡೆಯಲಾಗದೆಂಬುದು ಇದರಿಂದಲೇ ಸ್ಪಷ್ಟವಾಯಿತು.

ಆತನ ಬಳಿ ಕೆಲಸ ಕಲಿತ ಜೋನಾಸ್ ಸಾಕ್ ಮುಂದೆ ಪೋಲಿಯೋ ಲಸಿಕೆಯನ್ನು ಮಾಡಿದನು. 1954ರಲ್ಲಿ 18 ಲಕ್ಷ ಮಕ್ಕಳು ಪಾಲ್ಗೊಂಡ ಅದರ ಪರೀಕ್ಷೆಯ ತೀರ್ಪು ಫ್ರಾನ್ಸಿಸನ ಪಾಲಿಗೆ ಬಂದಿತು. ಅಲ್ಲಿಯೂ ಹುಸಿಮದ್ದು ಪಡೆಯುವ ಗುಂಪೊಂದು ಇರಲೇಬೇಕೆಂದು ಹಟ ಹಿಡಿದೇ ಆತನು ಒಪ್ಪಿಕೊಂಡನು. ಶಿಷ್ಯನ ಕೀರ್ತಿಗಾಗಿ ಲೆಕ್ಕವನ್ನು ಸಡಿಲಿಸಲಿಲ್ಲ; 1955ರ ಏಪ್ರಿಲ್ 12ರಂದು ಫಲಿತಾಂಶವನ್ನು ತಾನೇ ಓದಿ ಹೇಳಿದನು.

ಫ್ರಾನ್ಸಿಸನು ತೀರಿಕೊಂಡುದು 1969ರಲ್ಲಿ. ಅದರ ಹಿಂದಿನ ವರ್ಷವಷ್ಟೆ ಹಾಂಗ್‌ಕಾಂಗಿನಿಂದ ಹೊಸ ಇನ್‌ಫ್ಲೂಯೆಂಜಾ ಹೊರಟಿತ್ತು. ಅದರ ಸಂತತಿಯು ಇಂದಿಗೂ ಜಗತ್ತನ್ನು ಸುತ್ತುತ್ತಿದೆ. ಯಾವ ತಳಿಗಳಿಂದ ಲಸಿಕೆ ಮಾಡಬೇಕೆಂದು ತಜ್ಞರು ವರ್ಷಕ್ಕೆ ಎರಡು ಬಾರಿ ಕುಳಿತು ನಿರ್ಣಯಿಸುತ್ತಾರೆ.