ಇಂಗಾಲದ ಗುಟ್ಟನ್ನು ಬಿಡಿಸಿದ ಲೈನಸ್ ಪೌಲಿಂಗ್

ಲೈನಸ್ ಪೌಲಿಂಗರು 1901ರ ಫೆಬ್ರವರಿ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಜನಿಸಿದರು. ಔಷಧ ವ್ಯಾಪಾರಿಯಾಗಿದ್ದ ತಂದೆ 1910ರಲ್ಲಿ ತೀರಿಕೊಂಡುದರಿಂದ ಮನೆಗೆ ಬಡತನ ಕವಿಯಿತು. ದುಡಿಯುತ್ತಲೇ ಕಾಲೇಜು ವ್ಯಾಸಂಗ ನಡೆಸಿದ ಅವರು 1925ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಆಗ ರಸಾಯನಶಾಸ್ತ್ರಜ್ಞರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಇಂಗಾಲದ ಹೊರ ಎಲೆಕ್ಟ್ರಾನುಗಳಿಗೆ ಒಂದು ಎಸ್, ಮೂರು ಪಿ ಎಂಬ ಎರಡು ಬಗೆಯ ಕಕ್ಷಕಗಳುಂಟು. ಆದರೂ ಮೀಥೇನಿನಲ್ಲಿ ಅದರ ನಾಲ್ಕು ಬಂಧಗಳೂ ಸರಿಸಮಾನವಾಗಿರುವುದೇಕೆ? ಬಂಧವೇರ್ಪಡುವಾಗ ಈ ನಾಲ್ಕೂ ಬೆರೆತು ನಾಲ್ಕು ಸಮಾನ ಕಕ್ಷಕಗಳಾಗುತ್ತವೆಂದು ಪೌಲಿಂಗರು 1931ರಲ್ಲಿ ತೋರಿಸಿಕೊಟ್ಟರು. ಈ ಬೆರಕೆಗೆ ಸಂಕರಣವೆಂದು ಹೆಸರು.

ವಿದ್ಯುದಾವೇಶವುಳ್ಳ ಅಯಾನುಗಳಲ್ಲಿಯೂ ಸಂಕರಣವನ್ನು ಗುರುತಿಸಬಹುದು. ಇಂಗಾಲಕ್ಕೆ ಅಂಟಿದ ಪರಮಾಣುಗಳನ್ನೂ ಅದರಲ್ಲಿಯೇ ಉಳಿದ ಎಲೆಕ್ಟ್ರಾನ್ ಜೋಡಿಯನ್ನೂ ಎಣಿಸಬೇಕು. ಮೀಥೈಲ್ ಧನ ಅಯಾನಿನಲ್ಲಿ ಮೂರು ಜಲಜನಕಗಳಿದ್ದು ಜೋಡಿಯಿಲ್ಲ, ಎಣಿಕೆ ಮೂರು. ಒಂದು ಎಸ್, ಎರಡು ಪಿ ಬೆರೆಯುತ್ತವೆ, ಒಂದು ಪಿ ಬರಿದಾಗಿ ಉಳಿಯುತ್ತದೆ. ಅಯಾನು ಚಪ್ಪಟೆಯಾಗಿ ಬಂಧಗಳ ನಡುವಿನ ಕೋನ 120 ಡಿಗ್ರಿಯಾಗುತ್ತದೆ. ಮೀಥೈಲ್ ಋಣ ಅಯಾನಿನಲ್ಲಿ ಜೋಡಿಯೊಂದು ಇರುವುದರಿಂದ ಎಣಿಕೆ ನಾಲ್ಕು. ನಾಲ್ಕು ಕಕ್ಷಕಗಳೂ ಬೆರೆತು ಅದು ಗೋಪುರದ ಆಕಾರ ತಾಳುತ್ತದೆ.

ಪೌಲಿಂಗರಿಗೆ 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅಣ್ವಸ್ತ್ರ ಪರೀಕ್ಷೆಗಳನ್ನು ಧೈರ್ಯದಿಂದ ವಿರೋಧಿಸಿದುದಕ್ಕಾಗಿ 1962ರ ಶಾಂತಿ ಪಾರಿತೋಷಕವೂ ಸಂದಿತು. 1994ರ ಆಗಸ್ಟ್ 19ರಂದು ಅವರು ನಿಧನರಾದರು. ಪರಮಾಣುವಿನ ಒಳಗನ್ನು ಅರಿತವರೇ ಅದರ ದುರುಪಯೋಗದ ವಿರುದ್ಧವೂ ನಿಂತರೆಂಬುದು ವಿದ್ಯಾರ್ಥಿಗಳು ಮರೆಯಬಾರದ ಸಂಗತಿ.