ವೈದ್ಯ ಸಂಗಣ್ಣನವರೂ ಕುಷ್ಠರೋಗವೂ

ಕಲ್ಯಾಣದ ಶರಣರಲ್ಲಿ ಅವರವರ ಕಾಯಕವೇ ಅವರವರ ಹೆಸರಿಗೆ ಭೂಷಣವಾಯಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದವರಂತೆ, ರೋಗಿಗಳ ಶುಶ್ರೂಷೆಯನ್ನೇ ಕಾಯಕವೆಂದು ಕೈಕೊಂಡ ಸಂಗಣ್ಣನವರು ವೈದ್ಯ ಸಂಗಣ್ಣನವರೆನಿಸಿದರು. ಇವರು ಕ್ರಿ.ಶ. 12ನೆಯ ಶತಮಾನದವರು. ಇವರ ಅಂಕಿತದಲ್ಲಿ ಮರುಳಶಂಕರ, ಸಿದ್ಧರಾಮ ಎಂಬ ಮಹಿಮರ ನಾಮಗಳೆರಡೂ ಕೂಡಿರುವುವು. ವಾತಪಿತ್ತಾದಿ ದೋಷಗಳನ್ನೂ ಔಷಧವನ್ನೂ ಬಲ್ಲ ಇವರು, ಆ ವೈದ್ಯದ ಮಾತುಗಳಿಂದಲೇ ಭವರೋಗದ ತತ್ತ್ವವನ್ನು ತಿಳಿಯಪಡಿಸಿದರು.

ಇವರ ಕಾಲದ ವೈದ್ಯರಿಗೆ ಕುಷ್ಠವು ದೊಡ್ಡ ಸವಾಲಾಗಿದ್ದಿತು. ಆಯುರ್ವೇದವು ಚರ್ಮವ್ಯಾಧಿಗಳೆಲ್ಲವನ್ನೂ ಕುಷ್ಠವೆಂಬ ಹೆಸರಿನಡಿಯಲ್ಲಿ 18 ಬಗೆಯಾಗಿ ವಿಂಗಡಿಸಿದ್ದಿತು. ವಿರುದ್ಧಾಹಾರದೊಡನೆ ಪಾಪಕರ್ಮವನ್ನೂ ಚರಕರು ಕಾರಣವಾಗಿ ಹೇಳಿದರು; ಇದು ಸಂಸರ್ಗದಿಂದ ಹರಡುವುದೆಂದು ಸುಶ್ರುತರು ಅರಿತಿದ್ದರು. ಶೋಧನಕ್ರಿಯೆ, ಖದಿರದ ಕಷಾಯ, ತುವರಕ ತೈಲ ಇವೇ ಮುಖ್ಯ ಚಿಕಿತ್ಸೆಗಳು. ನಮ್ಮ ಮುಂಡಗೋಡ ಸೀಮೆಗೆ ಪಡುವಣಲ್ಲಿರುವ ಘಟ್ಟದ ಕಾಡುಗಳ ಗರುಡಫಲದ ಎಣ್ಣೆಯೇ ಆ ತುವರಕ ತೈಲವೆಂಬುದು ಗಮನಾರ್ಹವು. ಬನವಾಸಿನಾಡಿನ ಬಳ್ಳಿಗಾವೆಯ ಕೋಡಿಯಮಠದಲ್ಲಿ ಅನಾಥ ರೋಗಿಗಳಿಗೆ ಔಷಧವನ್ನೂ, ಕುಂಟರು ಕುರುಡರೇ ಮೊದಲಾದವರಿಗೆ ಅನ್ನವನ್ನೂ ಕೊಡುತ್ತಿದ್ದರೆಂದು 1162ರ ಶಾಸನವು ಸಾರುತ್ತದೆ. ರೋಗಿಯನ್ನು ಪಾಪಿಯೆಂದು ಊರು ಹೊರಗಿಟ್ಟರೂ, ಮಠದ ಬಾಗಿಲು ದೀನರಿಗೆ ತೆರೆದೇ ಇದ್ದಿತು.

ಈ ರೋಗಕ್ಕೆ ಪಾಪವಲ್ಲ, ಸೂಕ್ಷ್ಮಾಣುವೇ ಕಾರಣವೆಂಬುದನ್ನು ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯನು 1873ರಲ್ಲಿ ಕಂಡುಹಿಡಿದನು. ಗರುಡಫಲದ ಎಣ್ಣೆಯ ತರುವಾಯ 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವನ್ನು ವಿಧಿಸಿತು. ಇಂದು ರೋಗದ ಬಗೆಗನುಸಾರವಾಗಿ 6 ಅಥವಾ 12 ತಿಂಗಳಲ್ಲಿ ಗುಣವಾಗುವುದು. ಸರಕಾರಿ ಆಸ್ಪತ್ರೆಗಳಲ್ಲಿ ಔಷಧವು ಉಚಿತವು. ಕುಷ್ಠರೋಗಿಗಳನ್ನು ಬೇರ್ಪಡಿಸಿಡುತ್ತಿದ್ದ 1898ರ ಕಾನೂನು 2016ರಲ್ಲಿ ರದ್ದಾಯಿತು. ಈ ರೋಗವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದಿದ್ದ ವಿಧಿಗಳು 2019ರಲ್ಲಿ ತೆಗೆದುಹಾಕಲ್ಪಟ್ಟವು.

ಕಾನೂನು ತೊಲಗಿದರೂ ಜನರ ಮನದ ಅಂಜಿಕೆಯು ತೊಲಗಿಲ್ಲ. ಮೈಮೇಲೆ ಸ್ಪರ್ಶವರಿಯದ ಮಚ್ಚೆಯನ್ನು ಕಂಡವನು, ನೆರೆಹೊರೆಯವರು ಏನೆಂದಾರೋ ಎಂದು ಮುಚ್ಚಿಡುವನು. ಅಷ್ಟರಲ್ಲಿ ನರಗಳು ಕೆಟ್ಟು, ಕೈಬೆರಳುಗಳು ಮುರುಟಿಹೋಗುವುವು. ರೋಗಾಣುವು ಅಳಿದರೂ ಆ ಊನವು ತಾನಾಗಿ ಮರಳಿ ಸರಿಹೋಗದು. ಆದುದರಿಂದ ಅಂಥವನನ್ನು ದೂರವಿಡದೆ, ಒಡನೆಯೇ ಆಸ್ಪತ್ರೆಗೆ ಕರೆದೊಯ್ಯುವುದು ಭಕ್ತರಾದವರ ಕರ್ತವ್ಯವು. ತನುವಿನ ರೋಗಕ್ಕೆ ಮದ್ದು ದೊರೆತಿದೆ. ಮನದ ಹೇವರಿಕೆಯನ್ನು ನಾವೇ ಕಳೆದುಕೊಳ್ಳಬೇಕು. ವೈದ್ಯ ಸಂಗಣ್ಣನವರನ್ನು ನೆನೆಯುವ ನಮಗೆ ಅವರ ಕಾಯಕದಲ್ಲಿ ಇಷ್ಟಾದರೂ ಪಾಲು ದೊರೆಯಲಿ.