ದನಿಯಿಲ್ಲದ ತೆರೆಯ ಮೇಲೆ ಬಿ. ಜಯಮ್ಮನವರು

ಹಾಡುಗಾರಿಕೆಯಿಂದಲೇ ಹೆಸರಾದ ನಟಿಯೊಬ್ಬರು ಮೊದಲು ತೆರೆಗೆ ಬಂದುದು ದನಿಯೇ ಇಲ್ಲದ ಚಿತ್ರದಲ್ಲಿ. ಅವರೇ ಗುಬ್ಬಿ ಕಂಪನಿಯ ಬಿ. ಜಯಮ್ಮನವರು. ಚಿಕ್ಕಮಗಳೂರಿನಲ್ಲಿ 1915ರಲ್ಲಿ ಜನಿಸಿ ಎಳೆಯ ವಯಸ್ಸಿನಲ್ಲೇ ರಂಗವನ್ನೇರಿದ ಅವರು ಮುಂದೆ ಕಂಪನಿಯ ಒಡೆಯರೂ ಹಾಸ್ಯನಟರೂ ಆದ ಗುಬ್ಬಿ ವೀರಣ್ಣನವರ ಮಡದಿಯಾದರು.

‘ಸದಾರಮೆ’ ನಾಟಕದಲ್ಲಿ ವೀರಣ್ಣನವರು ಕಳ್ಳ, ಜಯಮ್ಮನವರು ಸದಾರಮೆ. ನಗಿಸುವ ಹೊಣೆಯೆಲ್ಲ ಕಳ್ಳನದೇ ಎಂದು ತೋರಿದರೂ, ಎದುರಿನ ಪಾತ್ರ ಹದ ತಪ್ಪಿದರೆ ನಗು ಹುಟ್ಟದೆಂಬುದು ನಮ್ಮ ಎಣಿಕೆ. ರಾಫೆಲ್ ಆಲ್ಗೋಯೆಟ್ ನಿರ್ದೇಶಿಸಿದ 1931ರ ‘ಹಿಸ್ ಲವ್ ಅಫೇರ್’ ಎಂಬ ಮೂಕಿ ಚಿತ್ರದಲ್ಲಿ ಇದೇ ಜೋಡಿ ನಟಿಸಿತು. ಅಲ್ಲಿ ಹಾಡಿಲ್ಲ, ಸಂಭಾಷಣೆಯಿಲ್ಲ. ಕಣ್ಣು, ಕೈ, ನಡಿಗೆಗಳೇ ನುಡಿಯಬೇಕು. ಹದಿನಾರರ ಹರೆಯದ ಗಾಯಕಿಗೆ ಅದು ಸಣ್ಣ ಪರೀಕ್ಷೆಯಲ್ಲ.

ವಾಕ್ಚಿತ್ರಗಳು ಬಂದ ಮೇಲೆ ‘ಹೇಮರೆಡ್ಡಿ ಮಲ್ಲಮ್ಮ’, 1953ರ ‘ಗುಣಸಾಗರಿ’ ಮೊದಲಾದವುಗಳಲ್ಲಿ ಅವರು ಮೆರೆದರು. ಆದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಮಗೆ ಹೆಚ್ಚು ಹತ್ತಿರವಾದುದು 1945ರ ತೆಲುಗು ಚಿತ್ರ ‘ಸ್ವರ್ಗಸೀಮ’. ಬಿ.ಎನ್. ರೆಡ್ಡಿಯವರ ಆ ಚಿತ್ರದಲ್ಲಿ ಭಾನುಮತಿಯವರ ಬೆಡಗಿನ ಪಾತ್ರಕ್ಕೆದುರಾಗಿ, ನಾಗಯ್ಯನವರ ಮಡದಿ ಕಲ್ಯಾಣಿಯಾಗಿ ನಿಂತವರು ಈ ಕನ್ನಡತಿಯೇ. ಅವರು 1988ರಲ್ಲಿ ನಿಧನರಾದರು.